ವಿಲಾಯತಿಯಲ್ಲಿ ಮೋಟಾರು ಸೈಕಲ್ಲು ಕೊಳ್ಳುವವರಿಗೆ

ಇಂಗ್ಲೆಂಡಿನಲ್ಲಿ ನೆಲಸಿ, ಬಳಸಿದ ಮೋಟಾರು ಸೈಕಲ್ಲೊಂದನ್ನು ಕೊಳ್ಳಲೆಳಸುವ ನಮ್ಮವರು ಮೊದಲು ತಿಳಿಯತಕ್ಕ ಸಂಗತಿಯೊಂದುಂಟು. ರಿಜಿಸ್ಟ್ರಿ ಪತ್ರದಲ್ಲಿ ಹೆಸರಿದ್ದವನೇ ಗಾಡಿಯ ಒಡೆಯನೆಂಬುದು ನಮ್ಮ ಎಣಿಕೆ, ಅಲ್ಲಿ ಹಾಗಲ್ಲ. ಸ್ವಾನ್ಸೀ ಪಟ್ಟಣದ ಸರಕಾರಿ ಕಚೇರಿಯು ಕಳುಹಿಸುವ ‘ವಿ ೫ ಸಿ’ ಎಂಬ ಪತ್ರವು ಗಾಡಿಯನ್ನು ಇಟ್ಟುಕೊಂಡವನ ಹೆಸರನ್ನು ಮಾತ್ರ ಹೇಳುವುದು. ಒಡೆತನಕ್ಕೆ ಅದು ಸಾಕ್ಷಿಯಾಗದು. ಆದುದರಿಂದ ಮಾರಿದವನ ರುಜುವುಳ್ಳ ರಸೀದಿಯನ್ನು ಬಿಡತಕ್ಕದ್ದಲ್ಲ. ಚೌಕಟ್ಟಿನ ಮೇಲೆ ಕೊರೆದ ಅಂಕಿಗಳನ್ನು ಪತ್ರದೊಡನೆ ತಾಳೆ ನೋಡಬೇಕು. ಕಳವಿನ ಮಾಲಾದರೆ ಹಣವೂ ಗಾಡಿಯೂ ಎರಡೂ ಹೋದಂತೆಯೇ!

ಕೈಬದಲಾದುದನ್ನು ಕಚೇರಿಗೆ ತಿಳಿಸುವ ಹೊಣೆ ಮಾರುವವನದು. ಕೊಂಡವನು ಆ ಪತ್ರದ ಹಸುರು ತುಂಡನ್ನು ಕೇಳಿ ಪಡೆಯಬೇಕು. ಹಿಂದಿನವನು ಕಟ್ಟಿದ ತೆರಿಗೆಯು ಹೊಸಬನಿಗೆ ಸಲ್ಲದು. ಹಸುರು ತುಂಡಿನಲ್ಲಿರುವ ಅಂಕಿಯನ್ನು ಕೊಟ್ಟು ಆ ದಿನವೇ ಹೊಸದಾಗಿ ಕಟ್ಟಬಹುದು. ವಿಮೆಯನ್ನಂತೂ ಗಾಡಿಯನ್ನು ಮನೆಗೆ ಓಡಿಸಿಕೊಂಡು ಬರುವ ಮೊದಲೇ ಮಾಡಿಸಿರಬೇಕು.