ಮೊದಲ ಎರಡು ಸಾಲು: ಫ್ರೀಲಾನ್ಸ್ ಪ್ರಪೋಸಲ್ ಬರೆಯುವ ಬಗೆ

ಮೆಲ್ಬರ್ನ್‌ನಲ್ಲಿ ಕೈಯಿಂದ ಮಾಡಿದ ಪಿಂಗಾಣಿ ಲೋಟ, ಬಟ್ಟಲು ಮಾರುವ ಸಣ್ಣ ಆನ್‌ಲೈನ್ ಅಂಗಡಿಯೊಂದಿದೆ ಅಂದುಕೊಳ್ಳಿ. ನಡೆಸುವಾಕೆ ಒಬ್ಬಳೇ. ಗಿರಾಕಿಗಳು ಅರ್ಧ ಆಸ್ಟ್ರೇಲಿಯದವರು, ಅರ್ಧ ಅಮೆರಿಕದವರು. ವರ್ಷದ ಕೊನೆಗೆ ಹನ್ನೆರಡು ತಿಂಗಳ ಆರ್ಡರ್ ಶೀಟುಗಳನ್ನು ಒಟ್ಟುಗೂಡಿಸಿ, ಯಾವ ತಿಂಗಳು ಎಷ್ಟು ವ್ಯಾಪಾರವಾಯಿತು ಎಂದು ನೋಡಬೇಕಾಗಿದೆ. ಫ್ರೀಲಾನ್ಸ್ ಕೆಲಸಗಳ ತಾಣವಾದ ಅಪ್‌ವರ್ಕ್‌ನಲ್ಲಿ ಕೆಲಸ ಹಾಕಿ, ಮಾದರಿಗೆಂದು ಒಂದು ತಿಂಗಳ ಫೈಲನ್ನೂ ಲಗತ್ತಿಸುತ್ತಾಳೆ. ಒಂದೆರಡು ಗಂಟೆಯಲ್ಲಿ ಇಪ್ಪತ್ತು, ಮೂವತ್ತು ಪ್ರಪೋಸಲ್ ಬಂದು ಬೀಳುತ್ತವೆ.

ಆಕೆಗೆ ಕಾಣುವುದೇನು? ಒಂದರ ಕೆಳಗೊಂದು ಪಟ್ಟಿ. ಪುಟ್ಟದೊಂದು ಫೋಟೊ, ಹೆಸರು, ದೇಶ, ದರ, ಅದರ ಕೆಳಗೆ ಪ್ರಪೋಸಲ್‌ನ ಮೊದಲ ಒಂದೆರಡು ಸಾಲು. ಮಿಕ್ಕಿದ್ದನ್ನು ಓದಬೇಕೆಂದರೆ ಒತ್ತಿ ತೆರೆಯಬೇಕು. ಆ ಒಂದೆರಡು ಸಾಲಿನಲ್ಲಿ ಹೆಚ್ಚಿನವರು ಬರೆದಿರುವುದು ಒಂದೇ: ಮಾನ್ಯರೇ, ನಿಮ್ಮ ಕೆಲಸದ ವಿವರವನ್ನು ಗಮನವಿಟ್ಟು ಓದಿದ್ದೇನೆ, ನನಗೆ ಈ ಕ್ಷೇತ್ರದಲ್ಲಿ ಐದು ವರ್ಷಗಳ ಅನುಭವವಿದೆ. ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದ ಲಗ್ನಪತ್ರಿಕೆಯಂತೆ ಇದು ಯಾರಿಗೆ ಬೇಕಾದರೂ ಹೋಗಬಹುದು. ನಿಜವಾಗಿ ಓದಿದವರು ಓದಿದ್ದೇನೆ ಎಂದು ಬರೆಯುವುದಿಲ್ಲ, ಓದಿದಾಗ ಕಂಡದ್ದನ್ನು ಬರೆಯುತ್ತಾರೆ. ಇಡೀ ಅಧ್ಯಾಯದಲ್ಲಿ ನಾನು ಹೇಳಬೇಕಾಗಿರುವುದು ಹೆಚ್ಚುಕಡಿಮೆ ಇಷ್ಟೇ. ಪ್ರಪೋಸಲ್ ಎಂದರೆ ಕೆಲಸ ಕೊಡಿ ಎಂಬ ಅರ್ಜಿಯಲ್ಲ, ಆ ಕೆಲಸದ ಮೊದಲ ತುಣುಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಮಾತಿಗೆ ಬೆಲೆ ಇನ್ನೂ ಹೆಚ್ಚಿದೆ. ಮೊದಲಾದರೆ ತಪ್ಪು ಇಂಗ್ಲಿಷಿನ ಪ್ರಪೋಸಲ್‌ಗಳ ನಡುವೆ ಸರಿಯಾದ ಇಂಗ್ಲಿಷು ಎದ್ದು ಕಾಣುತ್ತಿತ್ತು. ಈಗ ಎಲ್ಲರ ಇಂಗ್ಲಿಷೂ ನುಣುಪು, ಎಲ್ಲರೂ ನಿಮ್ಮ ಯೋಜನೆಯ ಬಗ್ಗೆ ಉತ್ಸುಕರು! ಅಪ್‌ವರ್ಕ್ ತಾನೇ 'ಉಮಾ' ಎಂಬ ಎಐ ಸಹಾಯಕಿಯನ್ನು ಇಟ್ಟುಕೊಂಡಿದೆ (ಹೆಸರು ಕೇಳಿದರೆ ಪಕ್ಕದ ಮನೆಯವರನ್ನು ಕರೆದಂತಾಗುತ್ತದೆ). ಬೇಸತ್ತ ಕ್ಲೈಂಟುಗಳು ಒಂದು ಹಳೆಯ ಉಪಾಯವನ್ನು ಮತ್ತೆ ಹಿಡಿದಿದ್ದಾರೆ. ಉದ್ದನೆಯ ವಿವರಣೆಯ ನಡುವೆ ಎಲ್ಲೋ ಒಂದು ಕಡೆ, 'ನಿಮ್ಮ ಉತ್ತರ ಮಾವಿನಹಣ್ಣು ಎಂಬ ಪದದಿಂದ ಶುರುವಾಗಲಿ' ಎಂದು ಬರೆದಿಡುತ್ತಾರೆ. ಪೂರ್ತಿ ಓದದೆ ಅಂಟಿಸಿದವರೆಲ್ಲ ಅಲ್ಲಿಗೇ ಔಟ್.

ಬರೆಯುವ ಮುಂಚೆ ಖರ್ಚಿನ ಲೆಕ್ಕ ಹಾಕೋಣ. 2003ರ ಓಡೆಸ್ಕ್ ಮತ್ತು ಅದಕ್ಕಿಂತ ಹಳೆಯ ಈಲಾನ್ಸ್ ಒಂದಾಗಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಇಲ್ಲಿ ಪ್ರಪೋಸಲ್ ಕಳಿಸಲು 'ಕನೆಕ್ಟ್ಸ್' ಎಂಬ ಟೋಕನ್ ಬೇಕು. ಕೊಂಡರೆ ಒಂದಕ್ಕೆ 15 ಸೆಂಟ್. ಎಷ್ಟು ಕನೆಕ್ಟ್ಸ್ ಬೇಕೆಂಬುದು ಕೆಲಸದಿಂದ ಕೆಲಸಕ್ಕೆ ಬೇರೆ. ಹನ್ನೆರಡು ಕೇಳಿತೆಂದರೆ 1.80 ಡಾಲರ್, ಅಂದರೆ ನೂರೈವತ್ತು ರೂಪಾಯಿಗೂ ಮೇಲೆ. ಕೆಲಸ ಬೇರೆಯವರ ಪಾಲಾದರೆ ಅದು ಹೋದಂತೆಯೇ. ಪಟ್ಟಿಯ ತುದಿಯಲ್ಲಿ ಕಾಣಿಸಿಕೊಳ್ಳಬೇಕೆಂದು ಹೆಚ್ಚುವರಿ ಕನೆಕ್ಟ್ಸ್ ಸುರಿದು ಹರಾಜು ಕೂಗುವ ವ್ಯವಸ್ಥೆಯೂ ಇದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಮೊದಲ ಸಾಲು ಸಪ್ಪೆಯಾಗಿದ್ದರೆ ತುದಿಯಲ್ಲಿದ್ದೂ ಪ್ರಯೋಜನವಿಲ್ಲ.

ಆ ಮೆಲ್ಬರ್ನ್ ಕೆಲಸಕ್ಕೆ ನೀವು 90 ಡಾಲರ್ ಕೇಳಿದಿರಿ, ಸಿಕ್ಕಿತು ಎನ್ನೋಣ. ಅಪ್‌ವರ್ಕ್ ತನ್ನ ಪಾಲು ಮುರಿದುಕೊಳ್ಳುತ್ತದೆ. 2023ರಿಂದ ಅದು ಎಲ್ಲರಿಗೂ ಶೇ. 10 ಇತ್ತು, 2025ರ ಮೇ ತಿಂಗಳಿಂದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ ಶೇ. 15ರವರೆಗೆ ಏನಾದರೂ ಆಗಬಹುದು. ಹತ್ತೆಂದೇ ಹಿಡಿಯಿರಿ, 9 ಡಾಲರ್ ಹೋಯಿತು. ಹತ್ತು ಕಡೆ ಬಿಡ್ ಮಾಡಿದ, ಅಂದರೆ ಪ್ರಪೋಸಲ್ ಕಳಿಸಿದ ಮೇಲೆ ಈ ಒಂದು ಸಿಕ್ಕಿದ್ದರೆ ಆ ಹತ್ತರ ಖರ್ಚು, 18 ಡಾಲರ್, ಇದರ ತಲೆಯ ಮೇಲೇ ಬೀಳುತ್ತದೆ. ಕೈಗೆ ಉಳಿದದ್ದು 63. ಬ್ಯಾಂಕಿನ ವಿನಿಮಯ ದರದಲ್ಲಿ ಸೋರುವುದು ಬೇರೆ. ಇದೇ ಕೆಲಸ ಮೂರನೆಯ ಬಿಡ್‌ಗೆ ಸಿಕ್ಕಿದ್ದರೆ 75 ಡಾಲರ್ ಚಿಲ್ಲರೆ ಉಳಿಯುತ್ತಿತ್ತು. ದರ ಏರಿಸುವುದಕ್ಕಿಂತ ಬಿಡ್‌ಗಳ ಸಂಖ್ಯೆ ಇಳಿಸುವುದು ಸುಲಭದ ಗಳಿಕೆ.

ಎಲ್ಲಿ ಬಿಡ್ ಮಾಡಬಾರದು ಎಂಬುದಕ್ಕೆ ಸುಳಿವು ಜಾಬ್ ಪೋಸ್ಟ್‌ನ ಅಂಚಿನಲ್ಲೇ ಇರುತ್ತದೆ. ಕ್ಲೈಂಟ್‌ನ ಪೇಮೆಂಟ್ ವೆರಿಫೈ ಆಗಿದೆಯೇ, ಈವರೆಗೆ ಎಷ್ಟು ಖರ್ಚು ಮಾಡಿದ್ದಾರೆ, ಹಾಕಿದ ಕೆಲಸಗಳಲ್ಲಿ ಎಷ್ಟಕ್ಕೆ ಜನರನ್ನು ತೆಗೆದುಕೊಂಡಿದ್ದಾರೆ, ಈ ಪ್ರಪೋಸಲ್‌ಗಳನ್ನು ಕೊನೆಯ ಸಲ ಯಾವಾಗ ನೋಡಿದರು, ಎಷ್ಟು ಮಂದಿಯೊಡನೆ ಈಗಾಗಲೇ ಮಾತುಕತೆಯಲ್ಲಿದ್ದಾರೆ, ಎಲ್ಲವೂ ಅಲ್ಲಿದೆ. ಇಪ್ಪತ್ತು ಕೆಲಸ ಹಾಕಿ ಇಬ್ಬರನ್ನಷ್ಟೇ ತೆಗೆದುಕೊಂಡವರು ದರ ವಿಚಾರಿಸಲು ಬಂದವರಿರಬಹುದು. ಐವತ್ತಕ್ಕೂ ಹೆಚ್ಚು ಪ್ರಪೋಸಲ್ ಬಿದ್ದು, ನಾಲ್ಕು ಮಂದಿಯೊಡನೆ ಮಾತು ನಡೆದಿರುವ ಕಡೆ ಐವತ್ತೊಂದನೆಯವರಾಗಿ ನುಗ್ಗುವುದು ಕೆರೆಗೆ ಕಾಸು ಎಸೆದಂತೆಯೇ. ಹಿಂದೆ ಕೆಲಸ ಮಾಡಿದವರು ಕ್ಲೈಂಟ್‌ಗೆ ಬರೆದ ರಿವ್ಯೂಗಳನ್ನೂ ಓದಿ. 'ಥ್ಯಾಂಕ್ಯೂ ಸಾರಾ' ಎಂದು ಯಾರಾದರೂ ಬರೆದಿದ್ದರೆ ನಿಮಗೆ ಹೆಸರು ಸಿಕ್ಕಿತು, 'ಡಿಯರ್ ಸರ್' ಬರೆಯುವ ಅಪಾಯ ತಪ್ಪಿತು.

ಗಡಿಯಾರವೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತೂವರೆ, ಬೇಸಿಗೆಯಲ್ಲಿ ಹತ್ತೂವರೆ. ಮೆಲ್ಬರ್ನ್‌ನ ಬೆಳಗಿನ ಒಂಬತ್ತು ನಮಗೆ ನಸುಕಿನ ಮೂರೂವರೆ ಅಥವಾ ನಾಲ್ಕೂವರೆ. ಹಾಗೆಂದು ಶಿರಸಿಯಲ್ಲಿ ಕೂತವರು ಅಲಾರಾಂ ಇಟ್ಟು ಏಳಬೇಕಿಲ್ಲ. ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಅಮೆರಿಕದ ಹೊಸ ಪೋಸ್ಟ್‌ಗಳಿಗೆ ಮೀಸಲಿಟ್ಟರೆ ಮೊದಲ ಹತ್ತರೊಳಗೆ ಇರಬಹುದು.

ಈಗ ಬರೆಯೋಣ. ಮೆಲ್ಬರ್ನ್ ಅಂಗಡಿಯಾಕೆಯ ಹೆಸರು ಸಾರಾ ಎನ್ನೋಣ. ಸಾರಾ ಲಗತ್ತಿಸಿದ ಫೈಲನ್ನು ತೆರೆಯಿರಿ, ಏಕೆಂದರೆ ಬಿಡ್ ಮಾಡಿದವರಲ್ಲಿ ಬಹುಪಾಲು ಜನ ಅದನ್ನು ತೆರೆದಿರುವುದಿಲ್ಲ. ಒಳಗೆ ಹೊಕ್ಕರೆ ಸಮಸ್ಯೆಗಳು ತಾವಾಗಿಯೇ ಎದ್ದು ಬರುತ್ತವೆ. ಪ್ರಪೋಸಲ್ ಹೋಗುವುದು ಇಂಗ್ಲಿಷಿನಲ್ಲಿ, ನಮ್ಮ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ:

"ಸಾರಾ, ನಿಮ್ಮ ಫೈಲಿನಲ್ಲಿ ದಿನಾಂಕ ಎರಡು ಬಗೆಯಲ್ಲಿದೆ. ಅಮೆರಿಕದಿಂದ ಏಪ್ರಿಲ್ 3ಕ್ಕೆ ಬಂದ ಆರ್ಡರ್ 04/03 ಎಂದಿದೆ, ಆಸ್ಟ್ರೇಲಿಯದ ರೂಢಿಯಲ್ಲಿ ಅದು ಮಾರ್ಚ್ 4. ಹಾಗೇ ಸೇರಿಸಿದರೆ ತಿಂಗಳ ಮೊತ್ತಗಳು ತಪ್ಪುತ್ತವೆ, ಆದ್ದರಿಂದ ಮೊದಲು ಇದನ್ನು ಸರಿಪಡಿಸುತ್ತೇನೆ.

"ಆಸ್ಟ್ರೇಲಿಯದ ಫೋನ್ ನಂಬರುಗಳ ಮುಂದಿನ ಸೊನ್ನೆ ಬಿದ್ದುಹೋಗಿದೆ. ಬಾಸ್ಟನ್ ವಿಳಾಸಗಳ ಜಿಪ್ ಕೋಡ್‌ನಲ್ಲೂ ಹಾಗೇ ಆಗಿದೆ. ಶೀಟು ಇವನ್ನು ಸಂಖ್ಯೆ ಎಂದು ತಿಳಿದು ಸೊನ್ನೆ ತಿಂದಿದೆ, ಅಕ್ಷರರೂಪಕ್ಕೆ ಬದಲಿಸಿ ಮರಳಿ ತರುತ್ತೇನೆ. ನಿಮ್ಮ ಫೈಲಿನ ಮೊದಲ ಹತ್ತು ಸಾಲನ್ನು ಸರಿಮಾಡಿ ಜೊತೆಗಿಟ್ಟಿದ್ದೇನೆ.

"ಒಂದು ಪ್ರಶ್ನೆ: ಬೆಲೆಯ ಕಾಲಂನಲ್ಲಿ ಆಸ್ಟ್ರೇಲಿಯದ ಡಾಲರೂ ಅಮೆರಿಕದ ಡಾಲರೂ ಬೆರೆತಿವೆ. ಒಟ್ಟು ಮೊತ್ತ ಯಾವುದರಲ್ಲಿ ಬೇಕು? ಪರಿವರ್ತನೆಗೆ ಆಯಾ ದಿನದ ದರ ಹಿಡಿಯಲೇ, ತಿಂಗಳ ಸರಾಸರಿ ಸಾಕೇ?

"ಹನ್ನೆರಡು ಫೈಲಿಗೆ ಮೂರು ದಿನ, 90 ಅಮೆರಿಕನ್ ಡಾಲರ್. ಇಂಥದೇ ಕೆಲಸದ ಒಂದು ಮಾದರಿ ನನ್ನ ಪ್ರೊಫೈಲಿನಲ್ಲಿದೆ."

ಮುಗಿಯಿತು. ಅಪ್‌ವರ್ಕ್ ಐದು ಸಾವಿರ ಅಕ್ಷರಗಳವರೆಗೆ ಬರೆಯಲು ಬಿಡುತ್ತದೆ, ಅದರ ಕಾಲುಭಾಗವೂ ಬೇಕಾಗಲಿಲ್ಲ. ಡಿಗ್ರಿ, ಕಾಲೇಜು, ಕಷ್ಟಪಟ್ಟು ದುಡಿಯುವ ಗುಣ, ಯಾವುದೂ ಇಲ್ಲ. ಇದನ್ನು ಓದಿದಾಗ ಸಾರಾಗೆ ಮೊದಲು ಆಗುವುದು ಸಣ್ಣದೊಂದು ಗಾಬರಿ: ಹೋದ ವರ್ಷ ತಾನೇ ಕೂಡಿಸಿದ ಲೆಕ್ಕವೂ ತಪ್ಪಿತ್ತೇ? ಆ ಗಾಬರಿ ಹುಟ್ಟಿಸಿದವರೇ ಪರಿಹಾರವನ್ನೂ ಹೇಳಿರುವುದರಿಂದ ಇನ್ನೊಬ್ಬರನ್ನು ಹುಡುಕುವ ಮನಸ್ಸು ಬಾರದು. ಡಾಲರಿನ ಪ್ರಶ್ನೆಯಂತೂ ಆಕೆಯೇ ತೀರ್ಮಾನಿಸಬೇಕಾದದ್ದು. ಒಂದೇ ಸಾಲಿನಲ್ಲಿ ಉತ್ತರಿಸಬಹುದು, ಉತ್ತರಿಸಿದಳೆಂದರೆ ಮಾತುಕತೆ ಶುರುವಾದಂತೆ. ಇಂಥ ಪ್ರಶ್ನೆ ಒಂದೇ ಇರಲಿ. ಐದು ಕೇಳಿದರೆ ಅದು ಆಕೆಗೆ ಮನೆಗೆಲಸ.

ಹತ್ತು ಸಾಲು ಮಾಡಿಕೊಡುವ ಬಗ್ಗೆ ಒಂದು ಎಚ್ಚರಿಕೆ. ತುಣುಕು ಕೊಡಿ, ಕೆಲಸ ಕೊಡಬೇಡಿ. 'ಪರೀಕ್ಷೆಗಾಗಿ' ಒಂದಿಡೀ ಅಧ್ಯಾಯ ಅನುವಾದಿಸಿ, ಒಂದಿಡೀ ಲೋಗೊ ಮಾಡಿ ತೋರಿಸಿ ಎನ್ನುವವರು ಹತ್ತು ಜನರಿಂದ ಹತ್ತು ಅಧ್ಯಾಯ ಪಡೆದು ಪುಸ್ತಕ ಮುಗಿಸಿಕೊಳ್ಳುವ ಜಾತಿ. ಲಗತ್ತೇ ಇಲ್ಲದ ಪೋಸ್ಟ್ ಆದರೆ ಕ್ಲೈಂಟ್‌ನ ವೆಬ್‌ಸೈಟನ್ನೋ ಯೂಟ್ಯೂಬ್ ಚಾನೆಲನ್ನೋ ನೋಡಿ. ವಿಡಿಯೊ ಎಡಿಟರ್ ಆಗಿದ್ದರೆ, 'ನಿಮ್ಮ ಕಳೆದ ವಿಡಿಯೊದಲ್ಲಿ ಎರಡನೇ ನಿಮಿಷಕ್ಕೆ ಸಂಗೀತ ಮಾತನ್ನು ಮುಚ್ಚಿಬಿಡುತ್ತದೆ' ಎಂಬ ಒಂದು ಸಾಲು ಸಾಕು.

ಹೊಸಬರ ಗೋಳು ಬೇರೆ: ರಿವ್ಯೂ ಇಲ್ಲದೆ ಕೆಲಸ ಸಿಗದು, ಕೆಲಸವಿಲ್ಲದೆ ರಿವ್ಯೂ ಬಾರದು. ಇದನ್ನು ಮುರಿಯಲು ಜನ ಮೊದಲು ಮಾಡುವುದು ದರ ಇಳಿಸುವುದು. ನನ್ನ ಮಟ್ಟಿಗೆ ಅದು ಕೆಟ್ಟ ದಾರಿ. 90 ಡಾಲರ್ ಕೆಲಸಕ್ಕೆ 15 ಕೇಳಿದರೆ ಸಾರಾಳಂಥವರಿಗೆ ಅನುಮಾನ ಬರುತ್ತದೆ, ಖುಷಿಪಡುವವರು ಮುಂದೆ ಗೋಳು ಹೊಯ್ದುಕೊಳ್ಳುವ ಕ್ಲೈಂಟುಗಳೇ. ದರವನ್ನಲ್ಲ, ಕೆಲಸದ ಗಾತ್ರವನ್ನು ಇಳಿಸಿ. ಒಂದು ದಿನದಲ್ಲಿ ಮುಗಿಯುವ 20, 30 ಡಾಲರಿನ ಸಣ್ಣ ಕೆಲಸಗಳನ್ನು ಸರಿಯಾದ ದರಕ್ಕೇ ಹಿಡಿಯಿರಿ.

ಪೋರ್ಟ್‌ಫೋಲಿಯೊ ತುಂಬಲು ಯಾರ ಅಪ್ಪಣೆಯೂ ಬೇಕಿಲ್ಲ. ಶೀಟು, ಚಾರ್ಟುಗಳ ಕೆಲಸ ಮಾಡುವವರಿಗೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ದಿನದಿನದ ಮಾರುಕಟ್ಟೆ ಧಾರಣೆ ಬಿಟ್ಟಿಯಾಗಿ ಸಿಗುತ್ತದೆ. ಶಿವಮೊಗ್ಗ, ಶಿರಸಿ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಚಾಲಿ ಅಡಿಕೆಯ ದರ ತೆಗೆದು, ಒಂದು ವರ್ಷದ ಏರಿಳಿತವನ್ನು ಒಂದೇ ಪುಟದಲ್ಲಿ ಕಾಣುವಂತೆ ಮಾಡಿ. ಕೆಳಗೆ ಎರಡು ಸಾಲು: ಮೂಲ ದತ್ತಾಂಶ ಹೇಗೆ ಅಸ್ತವ್ಯಸ್ತವಾಗಿತ್ತು, ಏನು ಮಾಡಿ ಸರಿಪಡಿಸಿದಿರಿ. ಅಡಿಕೆ ಎಂದರೇನೆಂದು ಮೆಲ್ಬರ್ನ್‌ನವಳಿಗೆ ಗೊತ್ತಿಲ್ಲದಿರಬಹುದು, ಚಾರ್ಟು ಚೊಕ್ಕಟವಾಗಿದೆ ಎಂಬುದು ಗೊತ್ತಾಗುತ್ತದೆ. ಇಲ್ಲದ ಕ್ಲೈಂಟ್‌ಗಳ ಹೆಸರು ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಇಂಗ್ಲಿಷಿನ ಭಯ ಇರುವವರು ವಾಕ್ಯ ಚಿಕ್ಕದು ಮಾಡಿದರೆ ಸಾಕು. ಸರ್ಕಾರಿ ಕಚೇರಿಗೆ ಬರೆಯುವ 'ರೆಸ್ಪೆಕ್ಟೆಡ್ ಸರ್', 'ಕೈಂಡ್ಲಿ ಡು ದಿ ನೀಡ್‌ಫುಲ್' ಬಿಡಿ. ಎಐ ನೆರವು ಪಡೆಯಲು ಅಡ್ಡಿಯಿಲ್ಲ, ಆದರೆ ಕಂಡದ್ದನ್ನು ನೀವು ಬರೆದು ವ್ಯಾಕರಣವನ್ನಷ್ಟೇ ಅದರಿಂದ ತಿದ್ದಿಸಿ.

ಎಲ್ಲ ತಾಣಗಳೂ ಹೀಗೇ ಇಲ್ಲ. 2010ರಲ್ಲಿ ಇಸ್ರೇಲಿನಲ್ಲಿ ಶುರುವಾದ ಫೈವರ್‌ನಲ್ಲಿ ಹೆಚ್ಚಾಗಿ ನೀವು ಗಿಗ್, ಅಂದರೆ ನಿಮ್ಮ ಸೇವೆಯ ವಿವರ, ಹಾಕಿ ಕೂರುತ್ತೀರಿ, ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಸಿಡ್ನಿಯ ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಬಿಡ್ ಪದ್ಧತಿ ಇದೆ. ಅನುವಾದಕರಿಗೆ 1999ರಿಂದ ಪ್ರೋಜ್ ಡಾಟ್ ಕಾಮ್ ಇದೆ.

ಮೋಸಗಾರರು ಎಲ್ಲ ಕಡೆಯೂ ಇದ್ದಾರೆ. ಪಿಡಿಎಫ್ ಪುಟಗಳನ್ನು ವರ್ಡ್‌ನಲ್ಲಿ ಟೈಪ್ ಮಾಡಿದರೆ ನೂರಾರು ಡಾಲರ್ ಎಂಬ ಪೋಸ್ಟ್ ಕಂಡರೆ ದೂರವಿರಿ. ಪ್ರಪೋಸಲ್ ಕಳಿಸಿದ ಎರಡೇ ನಿಮಿಷಕ್ಕೆ 'ಟೆಲಿಗ್ರಾಂಗೆ ಬನ್ನಿ' ಎನ್ನುತ್ತಾರೆ, ಆಮೇಲೆ ಸೆಕ್ಯುರಿಟಿ ಡಿಪಾಸಿಟ್ ಕೇಳುತ್ತಾರೆ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳುವುದಲ್ಲ. ತಾಣದ ಹೊರಗೆ ಹಣದ ವ್ಯವಹಾರ ನಡೆಸುವುದು ಅಪ್‌ವರ್ಕ್ ನಿಯಮಕ್ಕೂ ವಿರುದ್ಧ, ಖಾತೆಯೇ ಹೋಗಬಹುದು.

ಕಳಿಸಿಯಾದ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಕ್ಲೈಂಟ್ ತಾವಾಗಿ ಉತ್ತರಿಸುವ ತನಕ ಅವರಿಗೆ ಮೆಸೇಜ್ ಮಾಡಲು ಅಪ್‌ವರ್ಕ್ ಬಿಡುವುದಿಲ್ಲ. ನೆನಪಿಸುವ ಅವಕಾಶವಿಲ್ಲದ್ದರಿಂದಲೇ ಹೇಳಬೇಕಾದದ್ದೆಲ್ಲ ಆ ಒಂದು ಪುಟದಲ್ಲಿರಬೇಕು. ಸಾರಾಳ ಉತ್ತರ ಬಂತೆನ್ನಿ: ಆಸ್ಟ್ರೇಲಿಯನ್ ಡಾಲರಿನಲ್ಲಿ ಕೊಡಿ, ತಿಂಗಳ ಸರಾಸರಿ ಸಾಕು, ಯಾವಾಗ ಶುರು ಮಾಡುತ್ತೀರಿ? ಆ ಉತ್ಸಾಹದಲ್ಲಿ ಅಂದೇ ಫೈಲು ಬಿಚ್ಚಿ ಕೂರಬೇಡಿ. ಆಫರ್ ಬಂದು, ನೀವು ಒಪ್ಪಿ, ಮೊದಲ ಮೈಲ್‌ಸ್ಟೋನ್‌ನ (ಕೆಲಸದ ಹಂತದ) ಹಣ ಎಸ್ಕ್ರೊದಲ್ಲಿ, ಅಂದರೆ ತಾಣ ಕಾದಿಡುವ ಖಾತೆಯಲ್ಲಿ, ಜಮೆಯಾದದ್ದು ಕಾಣಬೇಕು. ಆ ಮೇಲೆ ಕೆಲಸ. ಮುಗಿಸಿದ್ದನ್ನು ಚಾಟ್‌ನಲ್ಲಿ ಸುಮ್ಮನೆ ಕಳಿಸದೆ, ಮೈಲ್‌ಸ್ಟೋನ್‌ನಡಿಯೇ ಸಲ್ಲಿಸಿ. ಹಾಗೆ ಸಲ್ಲಿಸಿದ ದಿನದಿಂದ ಪರಿಶೀಲಿಸಲು ಆಕೆಗೆ 14 ದಿನವಿರುತ್ತದೆ. ಆಕೆ ಏನೂ ಹೇಳದೆ ಸುಮ್ಮನಿದ್ದರೂ ಆ ಗಡುವು ಮುಗಿದಾಗ ಹಣ ತಾನಾಗಿ ನಿಮ್ಮ ಕಡೆಗೆ ಬಿಡುಗಡೆಯಾಗುತ್ತದೆ.