ಒಂಟಿಕಾಲಿನ ಸಾಕ್ಷ್ಯ

ಒಬ್ಬರಿಗೆ ವಯಸ್ಸಾಯಿತೆಂದು ನಿರ್ಣಯಿಸಲು ನಮ್ಮ ಜನ ಹಿಂದೆ ತಲೆಗೂದಲನ್ನೂ ಹಲ್ಲನ್ನೂ ನೋಡುತ್ತಿದ್ದರು. ಈಗ ರಕ್ತದೊತ್ತಡ, ಸಕ್ಕರೆಗಳ ಅಂಕಿಗಳನ್ನು ನೋಡುತ್ತಾರೆ. ಮೈಭಾರವನ್ನೆಲ್ಲ ಹೊತ್ತು ಜೀವಮಾನವಿಡೀ ದುಡಿಯುವ ಕಾಲುಗಳ ಕಡೆಗೆ ಗಮನ ಹರಿಯುವುದು ಅವು ನೋಯತೊಡಗಿದ ಮೇಲೆಯೇ. ಈ ಅಲಕ್ಷ್ಯ ಸರಿಯಲ್ಲವೆಂಬುದಕ್ಕೆ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ನಡೆದ ಒಂದು ಅಧ್ಯಯನ ಸಾಕ್ಷಿಯಾಗಿದೆ.

ಕ್ರೀಡಾವೈದ್ಯರಾದ ಕ್ಲಾಡಿಯೊ ಜಿಲ್ ಅರೌಜೊ ಮತ್ತು ಅವರ ಸಂಗಡಿಗರು 51ರಿಂದ 75 ವರ್ಷದೊಳಗಿನ 1,702 ಮಂದಿಯನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಒಂದು ಪಾದವನ್ನೆತ್ತಿ ಇನ್ನೊಂದು ಕಾಲಿನ ಹಿಂಬದಿಗೆ ಆನಿಸಿ, ಕೈಗಳನ್ನು ಇಳಿಬಿಟ್ಟು, ನೇರ ಮುಂದೆ ನೋಡುತ್ತ 10 ಸೆಕೆಂಡು ನಿಲ್ಲುವಂತೆ ಹೇಳಿದರು. ಮೂರು ಅವಕಾಶ ಕೊಟ್ಟರೂ ಹೆಚ್ಚುಕಡಮೆ ಐವರಲ್ಲೊಬ್ಬರಿಗೆ ಇದು ಸಾಧ್ಯವಾಗಲಿಲ್ಲ. ಎಪ್ಪತ್ತು ದಾಟಿದವರಲ್ಲಂತೂ ಸೋತವರೇ ಅರ್ಧಕ್ಕಿಂತ ಹೆಚ್ಚು. ಮುಂದಿನ ಸುಮಾರು ಏಳು ವರ್ಷಗಳ ಲೆಕ್ಕ ತೆಗೆದಾಗ, ವಯಸ್ಸು, ಲಿಂಗ, ಸ್ಥೌಲ್ಯ, ಮೊದಲೇ ಇದ್ದ ರೋಗಗಳು ಇವೆಲ್ಲವನ್ನೂ ಗಣನೆಗೆ ತಂದುಕೊಂಡ ಬಳಿಕವೂ, ನಿಲ್ಲಲಾರದವರಲ್ಲಿ ಮರಣದ ಸಂಭವ ಶೇಕಡ 84ರಷ್ಟು ಅಧಿಕವಾಗಿತ್ತೆಂದು 2022ರಲ್ಲಿ ಅವರು ಪ್ರಕಟಿಸಿದರು. ಒಂಟಿಕಾಲಿನಲ್ಲಿ ನಿಲ್ಲುವುದನ್ನು ಕಲಿತ ಮಾತ್ರಕ್ಕೆ ಆಯುಸ್ಸು ಬೆಳೆಯುವುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಲಕ್ಷಣವೇ ಹೊರತು ಕಾರಣವಲ್ಲ.

ಆದರೂ ಇಷ್ಟು ಅಲ್ಪವಾದ ಕ್ರಿಯೆ ಅಷ್ಟು ದೊಡ್ಡ ಸಂಗತಿಯನ್ನು ಸೂಚಿಸುವುದೇಕೆ? ನಿಶ್ಚಲವಾಗಿ ನಿಂತಿದ್ದೇನೆಂದು ನಾವು ಭಾವಿಸುವ ಕ್ಷಣದಲ್ಲಿಯೂ ದೇಹ ಹಿಂದೆಮುಂದೆ ಸೂಕ್ಷ್ಮವಾಗಿ ತೂಗಾಡುತ್ತಲೇ ಇರುತ್ತದೆ. ಕಣ್ಣು ಕಂಡದ್ದನ್ನೂ, ಒಳಗಿವಿಯ ಮೂರು ಅರ್ಧವೃತ್ತಾಕಾರದ ನಾಳಗಳು ಗ್ರಹಿಸಿದ ತಲೆಯ ಚಲನೆಯನ್ನೂ, ಅಂಗಾಲು ಮತ್ತು ಕೀಲುಗಳ ನರಗಳು ತಂದ ವರ್ತಮಾನವನ್ನೂ ಮಿದುಳು ಒಟ್ಟುಗೂಡಿಸಿ, ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ಆಜ್ಞಾಪಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲಿದರೂ ಕಾಲು ನಡುಗುತ್ತದೆ. ದೀರ್ಘಕಾಲದ ಮಧುಮೇಹ ಪಾದದ ನರಗಳನ್ನು ಮಂಕಾಗಿಸಿದ್ದರೆ, ಹಗಲೆಲ್ಲ ಕಣ್ಣಿನ ಬಲದಿಂದ ಸುಧಾರಿಸಿಕೊಂಡವರು ರಾತ್ರಿ ಬಚ್ಚಲಿಗೆ ಎದ್ದಾಗ ಕತ್ತಲಲ್ಲಿ ಮುಗ್ಗರಿಸುತ್ತಾರೆ. ಬೀಳುವುದರಿಂದ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರ ಸಂಕಟ ಆ ಲೆಕ್ಕದಲ್ಲಿ ಸೇರಿಲ್ಲ.

ಸ್ನಾಯುವಿನ ಕ್ಷಯ ವಯೋಧರ್ಮವೆಂಬುದು ನಿಜ. ಆದರೆ ಪೂರ್ತಿ ನಿಜವಲ್ಲ. 1990ರಲ್ಲಿ ಮರಿಯ ಫಿಯಾಟರೋನೆ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ ಅಮೆರಿಕದ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ, ತೊಂಬತ್ತರ ಆಸುಪಾಸಿನ ಬೆರಳೆಣಿಕೆಯ ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಅವರಲ್ಲಿ ಇಬ್ಬರಿಗೆ ನಡೆಯುವಾಗ ಊರುಗೋಲೇ ಬೇಡವಾಯಿತು! ಪ್ರಯೋಗ ಚಿಕ್ಕದು, ಆದರೆ ಆ ವಯಸ್ಸಿನಲ್ಲಿಯೂ ಸ್ನಾಯು ದುಡಿಮೆಗೆ ಓಗೊಡುತ್ತದೆಂಬುದು ಅದರಿಂದ ಸಂದೇಹವಿಲ್ಲದೆ ತಿಳಿಯಿತು.

ನಮ್ಮಲ್ಲಿ ಪಂಕ್ತಿಯೂಟಕ್ಕೆ ಚಾಪೆಯ ಮೇಲೆ ಕುಳಿತೇಳುವುದು, ಈಳಿಗೆಮಣೆಯ ಮುಂದೆ ಕುಕ್ಕರಿಸುವುದು ವ್ಯಾಯಾಮವೆಂಬ ಹೆಸರಿಲ್ಲದೆಯೇ ದಿನನಿತ್ಯ ನಡೆಯುತ್ತಿದ್ದವು. ಹಳೆಯ ಬಾಳಿನ ಕ್ಲೇಶವನ್ನು ಕೊಂಡಾಡಲು ನನಗೆ ಮನಸ್ಸಿಲ್ಲ. ಮಂಡಿ ಸವೆದವರಿಗೆ ಊಟದ ಮೇಜೂ ಕಮೋಡೂ ಮಹೋಪಕಾರಗಳೇ. ನನ್ನ ಆಕ್ಷೇಪವಿರುವುದು, ಮೊಣಕಾಲು ಗಟ್ಟಿಯಾಗಿರುವ ಅಜ್ಜಿಯನ್ನೂ "ನೀವು ಕೂತಿರಿ ಅಜ್ಜಿ, ನಾವು ತಂದುಕೊಡ್ತೀವಿ" ಎಂದು ಸೋಫಾಕ್ಕೆ ಕಟ್ಟಿಹಾಕುವ ಮನೆಮಂದಿಯ ವಾತ್ಸಲ್ಯದ ಮೇಲೆ. ಅಕ್ಕರೆಯಿಂದಲೇ ಆಗುವ ಅಪಕಾರವಿದು.

ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ, ಕೈಯೂರದೆ, ಮೆಲ್ಲಗೆ ಹತ್ತು ಬಾರಿ ಏಳುವುದು, ಕೂರುವುದು. ಅಡುಗೆಕಟ್ಟೆಯನ್ನು ಹಿಡಿದು ಹಿಮ್ಮಡಿಯೆತ್ತಿ ನಿಲ್ಲುವುದು. ರೂಢಿಯಾದ ಬಳಿಕ ಅದೇ ಕಟ್ಟೆಯ ಪಕ್ಕದಲ್ಲಿ ಒಂಟಿಕಾಲಿನ ಅಭ್ಯಾಸ. ಮೊದಲ ಸಲ ಪರೀಕ್ಷಿಸಿಕೊಳ್ಳುವಾಗ ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ. ತಲೆಸುತ್ತು ಬರುವವರೂ, ಕಳೆದ ವರ್ಷದೊಳಗೆ ಒಮ್ಮೆಯಾದರೂ ಬಿದ್ದವರೂ ವೈದ್ಯರನ್ನು ಕಾಣದೆ ಇದಕ್ಕೆ ಕೈಹಾಕಕೂಡದು.