ಸಾಮಂತರಲ್ಲಿ ರಾಜನೀತಿ: ಹರಪನಹಳ್ಳಿಯ ನಿದರ್ಶನ

ಪರರಾಜ್ಯಗಳೊಡನೆ ವ್ಯವಹರಿಸುವ ರಾಜನಿಗೆ ಪ್ರಭುಶಕ್ತಿ, ಮಂತ್ರಶಕ್ತಿ, ಉತ್ಸಾಹಶಕ್ತಿಗಳೆಂಬ ಮೂರು ಬಲಗಳುಂಟೆಂದು ಅರ್ಥಶಾಸ್ತ್ರವು ಹೇಳುತ್ತದೆ. ಕೋಶದಂಡಗಳ ಬಲವು ಮೊದಲನೆಯದು; ಜ್ಞಾನಬಲವು ಎರಡನೆಯದು; ಪರಾಕ್ರಮವು ಮೂರನೆಯದು. ಇವುಗಳಲ್ಲಿ ಮಂತ್ರಶಕ್ತಿಯೇ ಮಿಗಿಲೆಂಬುದು ಕೌಟಿಲ್ಯನ ಮತ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಈ ವಿಚಾರಕ್ಕೆ, ತೆಲಿಗಿಯು ಸೇರಿರುವ ಹರಪನಹಳ್ಳಿ ಸೀಮೆಯ ಚರಿತ್ರೆಯೇ ಒಳ್ಳೆಯ ನಿದರ್ಶನವಾಗಿದೆ.

ಹರಪನಹಳ್ಳಿಯ ನಾಯಕರು ಮೈಸೂರಿಗೂ ಮರಾಠರಿಗೂ ನಡುವೆ ಸಿಲುಕಿದ ಪಾಳೆಯಗಾರರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಕಾಲಾನಂತರದಲ್ಲಿ ಇವರಿಂದ ಕಪ್ಪವನ್ನೂ ಸೈನ್ಯಸಹಾಯವನ್ನೂ ಪಡೆದು, ಸಂಸ್ಥಾನವನ್ನು ಅವರಲ್ಲಿಯೇ ಉಳಿಸಿದನು. ಇದು ಕೇವಲ ದಯೆಯಲ್ಲ; ಗಡಿಗೆ ಕಾವಲು ದೊರೆಯಿತು. ಮರಾಠರತ್ತ ವಾಲಿತೆಂದು ಶಂಕಿಸಿದ ಚಿತ್ರದುರ್ಗವನ್ನಾದರೋ 1779ರಲ್ಲಿ ಕೈವಶ ಮಾಡಿಕೊಂಡನು. ಸಂಧಿಯ ಹಿಂದೆ ದಂಡವಿರುವುದನ್ನು ನೆರೆಯವರು ಮರೆಯುವಂತಿರಲಿಲ್ಲ.

ಟಿಪ್ಪು ಸುಲ್ತಾನನ ರೀತಿ ಬೇರೆ. 1786–87ರ ಮರಾಠಾ ಯುದ್ಧದ ತರುವಾಯ ಅವನು ಹರಪನಹಳ್ಳಿ, ರಾಯದುರ್ಗಗಳ ನಾಯಕರನ್ನು ಸೆರೆಹಿಡಿಸಿ ಅವರ ಸೀಮೆಗಳನ್ನು ವಶಪಡಿಸಿಕೊಂಡನು. ಪ್ರಬಲಶತ್ರುವು ಸಮೀಪದಲ್ಲಿರುವಾಗ ಸಾಮಂತನ ವಿಷಯದಲ್ಲಿ ಸಂಶಯ ಹುಟ್ಟುವುದು ಅಸಹಜವಲ್ಲ; ನೇರವಾದ ಕಂದಾಯವೂ ಬೊಕ್ಕಸಕ್ಕೆ ಲಾಭವೇ. ಆದರೆ ತಂದೆಗೆ ಸೇವೆ ಸಲ್ಲಿಸಿದವರಿಗೇ ಈ ಗತಿಯಾದ ಮೇಲೆ ಮಿಕ್ಕವರು ಒಡೆಯನ ಮಾತನ್ನು ನಂಬುವುದೆಂತು?

ಇಂಗ್ಲಿಷರು, ಮರಾಠರು, ನಿಜಾಮರು ಒಟ್ಟುಗೂಡಿ ಮೇಲೆ ಬಿದ್ದಾಗ, 1792ರ ಒಪ್ಪಂದದಲ್ಲಿ ಸುಲ್ತಾನನು ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕಾಯಿತು. ಇದಕ್ಕೆ ಹರಪನಹಳ್ಳಿಯ ಪ್ರಕರಣವೇ ಕಾರಣವೆನ್ನಲಾಗದು. ಅಂತಹ ಕಾಲದಲ್ಲಿ ಬೇಕಾದವರು ಮಿತ್ರರು; ದಂಡವು ಭೂಮಿಯನ್ನು ಸಂಪಾದಿಸಿಕೊಟ್ಟೀತು, ಮಿತ್ರನನ್ನು ಸಂಪಾದಿಸಿಕೊಡಲಾರದೆಂಬುದಿಷ್ಟೇ ಇಲ್ಲಿ ಗ್ರಾಹ್ಯವಾದುದು.